ಗರಗಸರಾಯರ ಪಟ್ಟಾಭಿಷೇಕ

ನಮ್ಮ ಮನೆಯಲ್ಲಿ ಸ್ವಂತ ಕೋಣೆ ಅಂತ ಇದ್ದದ್ದು ಇಬ್ಬರಿಗೆ: ಒಂದು ದೇವರಿಗೆ, ಇನ್ನೊಂದು ಕಾರಿಗೆ. ಈಗ ಕಾರು ಬೀದಿಯ ಹೊಂಗೆ ಮರದ ಕೆಳಗೆ ಹೂವು, ಹಿಕ್ಕೆ ಎರಡನ್ನೂ ಹೊತ್ತು ನಿಂತಿದೆ. ಅದರ ಶೆಡ್ಡಿಗೆ ಗರಗಸರಾಯರು ದಯಮಾಡಿಸಿದ್ದಾರೆ. ಬಾಡಿಗೆ ಕೊಡುವುದಿಲ್ಲ, ಕರೆಂಟು ಬಿಲ್ಲು ನಮ್ಮದೇ, ಮೇಲೆ ಕಿರುಚಾಟ ಬೇರೆ.

ರಾಯರ ಪೂರ್ತಿ ಹೆಸರು ಮೈಟರ್ ಸಾ. ಒಂದು ತೋಳು, ತೋಳಿನ ತುದಿಗೆ ನಿಮಿಷಕ್ಕೆ 4,000ದಿಂದ 5,000 ಸುತ್ತು ತಿರುಗುವ 10 ಇಂಚಿನ ಚಕ್ರ. ಹಿಡಿ ಒತ್ತಿ ಕೆಳಗಿಳಿಸಿದರೆ ಕೆಳಗಿದ್ದ ಮರ ಎರಡು ತುಂಡು. ಎಡಕ್ಕೋ ಬಲಕ್ಕೋ ತಿರುಗಿಸಿಕೊಂಡರೆ ಓರೆಯಾಗಿಯೂ ಕತ್ತರಿಸುತ್ತಾರೆ. ಅಲ್ಲಿಗೆ ರಾಯರ ವಿದ್ಯೆ ಮುಗಿಯಿತು. ಹಲಗೆಯನ್ನು ಅಡ್ಡಕ್ಕೆ ಕತ್ತರಿಸಬಲ್ಲರೇ ಹೊರತು ಉದ್ದಕ್ಕೆ ಸೀಳಲಾರರು. 8 ಅಡಿ 4 ಅಡಿಯ ಪ್ಲೈವುಡ್ ಹಾಳೆ ಎದುರಿಗಿಟ್ಟರೆ ಮುಖ ತಿರುಗಿಸುತ್ತಾರೆ. ನಮ್ಮೂರಿನ ಆಚಾರ್ರು ಇದೇ ಅಡ್ಡಕೊಯ್ತವನ್ನು ನೆಲದ ಮೇಲೆ ಕೂತು, ಹಲಗೆಯನ್ನು ಪಾದದಲ್ಲಿ ಅದುಮಿ ಹಿಡಿದು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಕೈಗರಗಸದಲ್ಲಿ ಮುಗಿಸುತ್ತಿದ್ದರು. ಅವರ ವರ್ಕ್‌ಶಾಪು ಅಂದರೆ ಅವರ ಕಾಲಿನ ಹೆಬ್ಬೆರಳು.

ಹಾಗಂದರೆ ನಮ್ಮನೆಯವರಿಗೆ ಸರ್ರನೆ ಸಿಟ್ಟು ಬರುತ್ತದೆ. "ಆಚಾರ್ರಿಗೆ ಜೀವಮಾನವಿಡೀ ಪಳಗಿದ ಕೈ ಇತ್ತು ಕಣೇ. ನನಗಿರೋದು ವಾರಕ್ಕೊಂದು ಭಾನುವಾರ. ನನ್ನ ಕೈಯಲ್ಲಿ ಇಲ್ಲದ ಹದವನ್ನ ಮೇಜಿನಲ್ಲಾದರೂ ಇಟ್ಟು ಕಟ್ಟಬೇಕಲ್ಲ!" ಮಾತೇನೋ ಒಪ್ಪುವಂಥದ್ದೇ. ಅಷ್ಟು ಒಪ್ಪಿದ್ದಕ್ಕೇ ಕಾರು ಬೀದಿಗೆ ಬಿತ್ತು.

ರಾಯರನ್ನು ಸುಮ್ಮನೆ ಒಂದು ಸ್ಟೂಲಿನ ಮೇಲೆ ಕೂರಿಸಿದರೆ ಆಗುವುದಿಲ್ಲವೇ? ಈ ಪ್ರಶ್ನೆಗೆ ಉತ್ತರ ನನಗೆ ಸಾರಿನ ಅನ್ನದಿಂದ ಮಜ್ಜಿಗೆ ಅನ್ನದವರೆಗೆ ಸಿಕ್ಕಿತು. 8 ಅಡಿ ಉದ್ದದ ರೀಪನ್ನು ಗರಗಸದ ಪುಟ್ಟ ಪೀಠದ ಮೇಲಿಟ್ಟರೆ ಹೊರಗೆ ಚಾಚಿದ ತುದಿ ಜೋತು ಬೀಳುತ್ತದೆ. ಜೋತುಬಿದ್ದ ಮರ ಕತ್ತರಿಸುವಾಗ ಸೀಳಿನ ಬಾಯಿ ಮುಚ್ಚಿಕೊಂಡು ಚಕ್ರವನ್ನು ಕಚ್ಚುತ್ತದೆ, ಇಲ್ಲವೇ ತುಂಡು ಎಗರಿ ಬೀಳುತ್ತದೆ. ಅದಕ್ಕೇ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಮೇಜು ಬೇಕು, ಮಧ್ಯೆ ರಾಯರಿಗೆ ತಗ್ಗಿನಲ್ಲೊಂದು ಗದ್ದುಗೆ ಬೇಕು, ಮೂರರ ಮೇಲ್ಮೈಯೂ ಒಂದೇ ಮಟ್ಟದಲ್ಲಿರಬೇಕು. ನಮ್ಮ ರಾಯರು ಹಳಿಯ ಮೇಲೆ ಹಿಂದೆ ಮುಂದೆ ಸರಿಯುವ ಜಾತಿ. ಬೆನ್ನ ಹಿಂದೆ ಹಳಿ ಚಾಚಲು ಜಾಗ ಬಿಡಬೇಕಾದ್ದರಿಂದ ಗೋಡೆಯಿಂದ ಸುಮಾರು 3 ಅಡಿ ಮುಂದಕ್ಕೆ ಬಂದು ಕೂರುತ್ತಾರೆ. ಕಾರಿನ ಜಾತಕ ಕೆಟ್ಟದ್ದು ಈ 3 ಅಡಿಯಲ್ಲೇ.

ದೊಡ್ಡ ವಂಶವಂತೆ ಬೇರೆ. 1920ರ ದಶಕದಲ್ಲಿ ಅಮೆರಿಕದ ರೇಮಂಡ್ ಡಿವಾಲ್ಟ್ ಎಂಬಾತ ಗರಗಸವನ್ನು ಒಂದು ತೋಳಿಗೆ ನೇತುಹಾಕಿ, ಮರದ ಮೇಲೆ ಎಳೆದು ಕತ್ತರಿಸುವ ಯಂತ್ರ ಮಾಡಿದ. ಆ ರೇಡಿಯಲ್ ಆರ್ಮ್ ಸಾ ರಾಯರ ಮನೆತನದ ಹಿರೀಕ. ಅದನ್ನು ಒಂದು ಕಡೆ ಕೂರಿಸಿ, ಅಕ್ಕಪಕ್ಕ ಉದ್ದನೆಯ ಮೇಜು ಹಾಕಿ, ಮರವನ್ನೇ ಅದರ ಸನ್ನಿಧಿಗೆ ಒಯ್ಯುವುದು ಪದ್ಧತಿ. ನಮ್ಮಲ್ಲಿ ಅಳಿಯಂದಿರಿಗೆ ಮಾಡುವ ಉಪಚಾರ ಅದು.

ಮಟ್ಟ ನೋಡುವ ವೈಭವವನ್ನು ನೀವು ಕಣ್ಣಾರೆ ಕಾಣಬೇಕಿತ್ತು. ಒಂದು ಉದ್ದನೆಯ ಅಲ್ಯೂಮಿನಿಯಂ ಪೈಪನ್ನು ಮೇಜಿನಿಂದ ಗರಗಸದ ಪೀಠದ ಮೇಲಕ್ಕೆ ಅಡ್ಡ ಇಟ್ಟು, ಲೈಟು ಆರಿಸಿ, ಆಚೆಯಿಂದ ಟಾರ್ಚು ಹಿಡಿಯಲು ನನಗೆ ಹೇಳಿ, ಈಚೆಯಿಂದ ಇವರು ಕೆನ್ನೆ ಮೇಜಿಗೆ ಒತ್ತಿ ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಪೈಪಿನ ಕೆಳಗೆ ಕೂದಲೆಳೆಯಷ್ಟು ಬೆಳಕು ಕಂಡರೂ ಕಾಲಿನ ಬೋಲ್ಟು ಕಾಲು ಸುತ್ತು ತಿರುಗುತ್ತದೆ. ಮೇಜು ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಎತ್ತರವಾದರೂ ಮರ ಪೀಠದಿಂದ ಎದ್ದು ಕೂತು ಕೊಯ್ತ ಓರೆಯಾಗುತ್ತದಂತೆ. ಹೆಣ್ಣು ನೋಡಲು ಬಂದಾಗ ನನ್ನನ್ನೂ ಇವರು ಇಷ್ಟು ನಿಗಾದಿಂದ ನೋಡಿರಲಿಲ್ಲ.

ಇನ್ನು ಮೇಜಿನ ಎತ್ತರ. ಇವರು ನೆಟ್ಟಗೆ ನಿಂತು, ಮೊಣಕೈ ಮಡಿಸಿ, ನೆಲದಿಂದ ಅಳತೆ ತೆಗೆದರು. ಚಪ್ಪಲಿ ಹಾಕಿಕೊಂಡು ಒಂದು ಸಲ, ಬಿಟ್ಟು ಒಂದು ಸಲ. ಕೊನೆಗೆ 38 ಇಂಚು ಎಂದು ತೀರ್ಮಾನವಾಯಿತು. "ಬೆನ್ನು ಬಗ್ಗಬಾರದು ನೋಡು. ದಿನವಿಡೀ ಬಗ್ಗಿ ಕೆಲಸ ಮಾಡಿದರೆ ಸೊಂಟದ ಗತಿ ಏನು?" ಎಂದರು.

ನಾನು ಆಗ ಅಡುಗೆಮನೆಯ 32 ಇಂಚಿನ ಕಟ್ಟೆಯ ಮೇಲೆ ಬಗ್ಗಿ ಹುರುಳಿಕಾಯಿ ಹೆಚ್ಚುತ್ತಿದ್ದೆ.

ಈ ಕಟ್ಟೆಯ ಎತ್ತರವನ್ನು ಗೊತ್ತುಮಾಡಿದವನು ಮನೆ ಕಟ್ಟಿದ ಕಂಟ್ರಾಕ್ಟರು. ಅವನು ಆ ಕಟ್ಟೆಯಲ್ಲಿ ಒಂದು ದಿನವೂ ಒಗ್ಗರಣೆ ಹಾಕಿದವನಲ್ಲ. ನಾನು ಹೆಚ್ಚುಕಡಿಮೆ ಇವರಷ್ಟೇ ಎತ್ತರ, ಆದ್ದರಿಂದ ಬಗ್ಗುತ್ತೇನೆ. ನಮ್ಮತ್ತೆ 5 ಅಡಿಗೂ ಕಡಿಮೆ, ಆದ್ದರಿಂದ ಒಂದು ಹಳೇ ಊಟದ ಮಣೆಯ ಮೇಲೆ ಹತ್ತಿ ನಿಂತು ಹಾಲು ಕಾಯಿಸುತ್ತಾರೆ. ಒಬ್ಬರು ಏರಬೇಕು, ಒಬ್ಬರು ಇಳಿಯಬೇಕು, ಕಟ್ಟೆ ಮಾತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಅಷ್ಟು ವರ್ಷ ಕಾಣದ ಸೊಂಟ ಇವರಿಗೆ ಕಂಡದ್ದು ಗರಗಸ ಮನೆಗೆ ಬಂದ ಮೇಲೆ! ಬೇಕಾದ್ದೆಲ್ಲ ಕೈಗೆಟುಕಬೇಕು, ಭಾರದ್ದು ಕೆಳಗಿರಬೇಕು, ಕತ್ತರಿಸಿದ್ದನ್ನು ಇಡಲು ಪಕ್ಕದಲ್ಲೇ ಜಾಗ ಬೇಕು, ಕಸ ಬೀಳುವ ಕಡೆ ಬುಟ್ಟಿ ಬೇಕು. ಇವೆಲ್ಲ ಇವರು ಹೊಸದಾಗಿ ಕಂಡುಹಿಡಿದ ಸೂತ್ರಗಳಂತೆ ನನಗೇ ಪಾಠ ಹೇಳುತ್ತಾರೆ. ಅಡುಗೆಮನೆಗೆ ಬಂದು ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳುವವರೂ ಇವರೇ.

ಒಂದು ವಿಷಯದಲ್ಲಿ ಮಾತ್ರ ನಾನು ಸೋತೆ ಅನ್ನಬೇಕು. ಎಡಗಡೆಯ ಮೇಜಿನ ಹಿಂದೆ ಫೆನ್ಸು ಎಂಬ ನೇರವಾದ ಪಟ್ಟಿ ಇದೆ. ಅದರ ಮೇಲೆ ಜಾರುವ ಒಂದು ಮರದ ಗಟ್ಟಿ, ಸ್ಟಾಪ್ ಬ್ಲಾಕು. ಚಕ್ರದಿಂದ 14 ಇಂಚಿಗೆ ಅದನ್ನು ಬಿಗಿದರೆ ಮುಗಿಯಿತು, ಆಮೇಲೆ ಟೇಪೂ ಬೇಡ, ಪೆನ್ಸಿಲ್ಲೂ ಬೇಡ. ರೀಪನ್ನು ಗಟ್ಟಿಗೆ ಮುಟ್ಟಿಸು, ಕತ್ತರಿಸು, ಮುಟ್ಟಿಸು, ಕತ್ತರಿಸು. ಎಲ್ಲ ತುಂಡೂ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಸಮ. ಗರಗಸದ ಹೊಟ್ಟು ಗಟ್ಟಿಗೆ ಅಂಟಿಕೊಂಡರೆ ಅಷ್ಟು ಅಳತೆ ತಪ್ಪುತ್ತದೆ ಎಂದು ಗಟ್ಟಿಯ ಕೆಳಮೂಲೆಯನ್ನು ಸ್ವಲ್ಪ ಸವರಿ ಹೊಟ್ಟಿಗೆ ಸಂದು ಬಿಟ್ಟಿದ್ದಾರೆ. ಈ ಜಾಣತನಕ್ಕೆ ನಾನು ಮನಸಾರೆ ಶಭಾಷ್ ಅಂದೆ. ಆ ಸಮನಾದ ತುಂಡುಗಳು ಯಾತಕ್ಕೆ ಎಂದು ಕೇಳಿದೆ. "ಇರಲಿ, ಬೇಕಾಗುತ್ತೆ" ಎಂದರು.

ಮೂಲೆಯ ಲೆಕ್ಕವೂ ಹಾಗೇ. ಫೋಟೋ ಚೌಕಟ್ಟಿಗೆ ನಾಲ್ಕು ಮೂಲೆ, ಎಂಟು ಕೊಯ್ತ. ಒಂದೊಂದರಲ್ಲೂ 45 ಡಿಗ್ರಿಗೆ ಅರ್ಧ ಡಿಗ್ರಿ ತಪ್ಪಿದರೂ ಕೊನೆಯ ಮೂಲೆ ಸೇರುವ ಹೊತ್ತಿಗೆ 4 ಡಿಗ್ರಿ ಬಾಯಿಬಿಡುತ್ತದೆ. ನೇರ ಕೊಯ್ತ ಸರಿಯಿದೆಯೇ ಎಂದು ನೋಡಲು ಹಲಗೆಯನ್ನು ಎರಡು ತುಂಡು ಮಾಡಿ, ಒಂದನ್ನು ಮಗುಚಿ ಹಾಕಿ ಮತ್ತೆ ಜೋಡಿಸುತ್ತಾರೆ. ತಪ್ಪಿದ್ದರೆ ಸಂದು ಎರಡರಷ್ಟಾಗಿ ಕಾಣುತ್ತದೆ. ತಪ್ಪನ್ನು ದುಪ್ಪಟ್ಟು ಮಾಡಿ ತೋರಿಸುವ ಈ ವಿದ್ಯೆ ಮೊದಲು ಅತ್ತೆಯಂದಿರ ಬಳಿ ಇತ್ತು, ಈಗ ಬಡಗಿಗಳಿಗೂ ಬಂದಿದೆ.

ರಾಯರ ಪೀಠದಲ್ಲಿ 0, 15, 22.5, 30, 45 ಡಿಗ್ರಿಗೆ ಟಕ್ಕೆಂದು ಕೂರುವ ಗುಳಿಗಳಿವೆ. ಅವುಗಳ ನಡುವೆ 31.6 ಎಂಬ ಒಂದು ವಿಚಿತ್ರ ಗುಳಿ. ಅಮೆರಿಕದ ಮನೆಗಳಲ್ಲಿ ಗೋಡೆ ಮತ್ತು ಛಾವಣಿ ಸೇರುವ ಕಡೆ ಓರೆಯಾಗಿ ಕೂರಿಸುವ ಅಲಂಕಾರದ ಮರದ ಪಟ್ಟಿಗಾಗಿ ಅದು. ಆ ಪಟ್ಟಿಯನ್ನು ಮಲಗಿಸಿ ಕತ್ತರಿಸಲು ಗರಗಸವನ್ನು 31.6 ಡಿಗ್ರಿ ತಿರುಗಿಸಿ, ಚಕ್ರವನ್ನು 33.9 ಡಿಗ್ರಿ ವಾಲಿಸಬೇಕು. ನಮ್ಮ ಮನೆಯ ಗೋಡೆಗಳು ಮೂಲೆಮಟ್ಟ ಇಟ್ಟರೆ 90 ಡಿಗ್ರಿಗೇ ಬರುವುದಿಲ್ಲ, ಛಾವಣಿಗೆ ಇರುವ ಅಲಂಕಾರ ಜೇಡರಬಲೆ ಒಂದೇ. ಆದರೂ ಇವರು ಆಗಾಗ ಆ ಗುಳಿಗೆ ತಿರುಗಿಸಿ ಟಕ್ಕೆನ್ನಿಸಿ ಸುಖಪಡುತ್ತಾರೆ.

ಹೊಟ್ಟಿನ ಮಾತು ಆಡದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ರಾಯರು ಧೂಳನ್ನು ಬೆನ್ನ ಹಿಂದಕ್ಕೆ ಚಿಮ್ಮುತ್ತಾರೆ. ಹಿಂದೊಂದು ಗೂಡು ಕಟ್ಟಿ, ಅದಕ್ಕೆ ವ್ಯಾಕ್ಯೂಮಿನ ಕೊಳವೆ ಜೋಡಿಸಿದ್ದಾಯಿತು. ಆದರೂ ಗೂಡಿಗೆ ಬೀಳದ ಪಾಲು ತುಳಸಿಕಟ್ಟೆಗೆ, ಒಣಹಾಕಿದ ಸೀರೆಗೆ, ಬಿಸಿಲಿಗಿಟ್ಟ ಉಪ್ಪಿನಕಾಯಿ ಹೋಳಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಕನ್ನಡಕ, ಮಾಸ್ಕು ಇವರಿಗುಂಟು, ತುಳಸಿಗಿಲ್ಲ.

ಪಟ್ಟಾಭಿಷೇಕ ಮುಗಿದ ಮೇಲೆ ನಾನು ನನ್ನ ಕಾರ್ಯಾಚರಣೆ ಶುರುಮಾಡಿದೆ. ಈಳಿಗೆಮಣೆ ಬಿಟ್ಟು ಚಾಕು, ತರಕಾರಿ ಹಲಗೆ, ಮೊರ ಎತ್ತಿಕೊಂಡು ಶೆಡ್ಡಿಗೆ ಹೋಗಿ ಎಡಗಡೆಯ ಮೇಜಿನ ಮುಂದೆ ನಿಂತೆ. 38 ಇಂಚು. ಬೆನ್ನು ನೆಟ್ಟಗೆ! ಹುರುಳಿಕಾಯಿ ಹೆಚ್ಚಿದೆ, ಕಾಯಿ ತುರಿದೆ, ಮರುದಿನ ಚಪಾತಿಯನ್ನೂ ಲಟ್ಟಿಸಿದೆ. ಇವರು ಓಡೋಡಿ ಬಂದರು. "ಎಣ್ಣೆ ಕಲೆ ಆಗುತ್ತಲ್ಲೇ!"

"ಆಗಲಿ ಬಿಡ್ರೀ. ಅಡುಗೆಮನೆ ಕಟ್ಟೆ ಏರೋವರೆಗೂ ಎಡಗಡೆ ನಂದು, ಬಲಗಡೆ ನಿಮ್ಮದು. ಮಧ್ಯೆ ರಾಯರು ಸಾಕ್ಷಿ."

ಮುಂದಿನ ಭಾನುವಾರ ರಸಮಟ್ಟ ಮೊದಲ ಸಲ ಅಡುಗೆಮನೆ ಪ್ರವೇಶ ಮಾಡಿತು. ಹಾಸಿದ ಗ್ರಾನೈಟಿನ ಮೇಲೇ 6 ಇಂಚು ಎತ್ತರದ ಮರದ ಪೀಠವೊಂದನ್ನು ನನ್ನ ಪಾಲಿನ ಮೂಲೆಗೆ ಕೂರಿಸುವುದೆಂದು ಒಪ್ಪಂದವಾಯಿತು. ಅತ್ತೆ ಇದನ್ನೆಲ್ಲ ಮಣೆಯ ಮೇಲೆ ನಿಂತೇ ಕೇಳುತ್ತಿದ್ದರು. "ಅವಳಿಗೆ ಪೀಠ ಆಯ್ತು. ನನ್ನ ಮಣೆ ಅಲ್ಲಾಡಕ್ಕೆ ಶುರುವಾಗಿ ಯಾವ ಕಾಲ ಆಯ್ತೋ, ಯಾರಾದ್ರೂ ನೋಡಿದ್ರೇನೋ?" ಎಂದರು.

ಇವರು ಮಣೆ ಮಗುಚಿ ನೋಡಿದರು, ಟೇಪು ಎಳೆದರು, ಮುಖ ಅರಳಿತು. ಹೊಸ ಮಣೆಯನ್ನೇ ಮಾಡುತ್ತಾರಂತೆ. ಆದರೆ ಮಣೆಗೆ ಹಲಗೆಯನ್ನು ಉದ್ದಕ್ಕೆ ಸೀಳಬೇಕಂತೆ. ರಾಯರಿಗೆ ಅದು ಬಾರದಂತೆ. ಅದಕ್ಕೆ ಟೇಬಲ್ ಸಾ ಎಂಬ ಇನ್ನೊಂದು ಯಂತ್ರ ಬೇಕಂತೆ. ಅದರ ಹಿಂದೆ ಮುಂದೆ 8 ಅಡಿ ಖಾಲಿ ಜಾಗ ಬೇಕಂತೆ.

ಮಣೆ ಅಂಗಡಿಯಲ್ಲೇ ಸಿಗುತ್ತದೆ ಎನ್ನಲು ನಾನು ಬಾಯಿ ತೆರೆದೆ. ಅತ್ತೆ ಸೆರಗು ಹಿಡಿದು ಪಕ್ಕಕ್ಕೆಳೆದರು. "ಸುಮ್ನಿರೇ. ಯಂತ್ರ ಬರಲಿ. ನನಗೆ ಒಂದು ಹೊಸ ಮಂಚಾನೂ ಬೇಕಾಗಿದೆ."