ಗಂಡ, ಹೆಂಡತಿ ಮತ್ತು ನಾಲ್ಕು ಗಾಲಿ

ದೇಶ ಸುತ್ತಲು ಫೋರ್ ವ್ಹೀಲ್ ಡ್ರೈವ್ ಜೀಪು ಸಜ್ಜುಮಾಡುವ ದಂಪತಿ ಮೊದಲು ಕೊಳ್ಳುವುದು ಫ್ರಿಜ್ಜು, ಟೆಂಟು, ವಿಂಚು; ಕೊಳ್ಳಬೇಕಾದದ್ದು ತಕ್ಕಡಿ. 60 ಲೀಟರ್ ನೀರೆಂದರೇ 60 ಕಿಲೋ! ಹಗುರ ಪಯಣಕ್ಕೆ ಮಾದರಿ ಬೇಕೇ? ಹರಿದಾಸ ಮಹಿಪತಿದಾಸರ ಊರಾದ ಕಾಖಂಡಕಿಯ ಕಡೆ ಬಂಡಿ ಕಟ್ಟಿ ಜಾತ್ರೆಗೆ ಹೊರಡುವವರ ಬುತ್ತಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ತೇವ ಆರಿದ ರೊಟ್ಟಿ ದಿನಗಟ್ಟಲೆ ಕೆಡದು. ಫ್ರಿಜ್ಜೂ ಬೇಡ, ಅದನ್ನು ಸಾಕಲು ಬ್ಯಾಟರಿಯೂ ಬೇಡ. ‘ಕರಿಮಣ್ಣಿನ ಎರಿ ಹೊಲದಲ್ಲಿ ಸಿಕ್ಕಿಬಿದ್ದರೆ?’ ಎನ್ನುವಿರಿ. ಟೈರಿನ ಸಂದಿಗೆ ಹಸಿ ಎರಿ ಮೆತ್ತಿತೆಂದರೆ ಹಿಡಿತ ಹೋಯಿತು. ಫೋರ್ ವ್ಹೀಲ್ ಡ್ರೈವ್ ಇದ್ದರೂ ಎರಡರ ಬದಲು ನಾಲ್ಕು ಗಾಲಿ ಸುಮ್ಮನೆ ತಿರುಗುತ್ತವೆ, ಅಷ್ಟೆ. ಭಾರ ಹೆಚ್ಚಿದಷ್ಟೂ ಹೂತುಹೋಗುವುದು ಹೆಚ್ಚು. ‘ಹಾಗಾದರೆ ಸೌಕರ್ಯ ಬೇಡವೇ?’ ಬೇಕು: ಒಳ್ಳೆಯ ಹಾಸಿಗೆ, ಗಾಳಿ ಪಂಪು, ಸಲಿಕೆ. ಉಳಿದದ್ದಕ್ಕೆ ಒಂದೇ ನಿಯಮ: ಇಬ್ಬರೂ ಕೂಡಿ ಇಳಿಸಲಾಗದ್ದನ್ನು ಹೇರಬೇಡಿ.