ಏಳು ಪುಸ್ತಕ ಹೆಚ್ಚಿಗೆ

ಮೈಸೂರಿನ ಸಿದ್ಧಾರ್ಥನಗರದಂಥ ಬಡಾವಣೆಯಲ್ಲಿ, ಅಕ್ಕಪಕ್ಕದವರ ಕಿವಿ ನೆಟ್ಟಗಾಗದಂತೆ ಮತ ಬದಲಿಸಲು ಒಂದು ದಾರಿಯಿದೆ. ಪ್ರೊಟೆಸ್ಟೆಂಟರ ಮನೆಯಲ್ಲಿ ಹುಟ್ಟಿ ಬೆಳೆದು, ಆಮೇಲೆ ಕಥೋಲಿಕರಾಗುವುದು. ಸಿಎಸ್‌ಐ ಮನೆತನದ ಈ ನಮ್ಮ ಮಹನೀಯರು ವರ್ಷಗಟ್ಟಲೆ ಓದಿ, ನಿದ್ದೆಗೆಟ್ಟು, ಕೊನೆಗೆ ಸೇಂಟ್ ಫಿಲೋಮಿನಾ ಕಡೆಗೆ ಹೆಜ್ಜೆ ಹಾಕಿದರೆ, ಪಕ್ಕದ ಮನೆಯವರು ಕೇಳುವುದು ಇಷ್ಟೇ: “ನೀವು ಮೊದ್ಲಿಂದ್ಲೂ ಕ್ರಿಶ್ಚಿಯನ್ನರೇ ಅಲ್ವಾ ಸಾರ್?” ಇವರು 1517ರಿಂದ ಶುರು ಮಾಡುತ್ತಾರೆ. ಲೂಥರನ 95 ವಾದಗಳಲ್ಲಿ ಮೂರನೆಯದು ಮುಗಿಯುವ ಮೊದಲೇ, “ಓ, ನಮ್ಮಲ್ಲಿ ತೆಂಗಲೆ ವಡಗಲೆ ಇದ್ದ ಹಾಗೆ” ಎಂದು ಆ ಕಡೆ ಗೇಟು ಹಾಕಿಕೊಂಡಿರುತ್ತದೆ. ಹೀಗೆ ಕೇಳುವವರೇ ಇಲ್ಲದಿದ್ದರೂ ಇವರ ಮುಖದಲ್ಲಿ ಆನಂದ ಮಾತ್ರ ಕಡಿಮೆಯಾಗುವುದಿಲ್ಲ. ಆ ಆನಂದ ಎಲ್ಲಿಂದ ಬಂತು? ಇವರು ಸೇರಿದ ಧರ್ಮಸಭೆಯಿಂದ ಬಂದಷ್ಟೇ ಇವರು ಬಿಟ್ಟುಬಂದ ಮನೆಯಿಂದಲೂ ಬಂದಿದೆ ಎಂಬುದು ನನ್ನ ವಾದ. ಪ್ರೊಟೆಸ್ಟೆಂಟರಾಗಿ ಬೆಳೆಯದವರಿಗೆ ಈ ಸುಖ ದಕ್ಕುವಂಥದ್ದಲ್ಲ.

ಮೊದಲು ಪುಸ್ತಕದ ಲೆಕ್ಕವನ್ನೇ ನೋಡಿ. ಪ್ರೊಟೆಸ್ಟೆಂಟರ ಬೈಬಲ್ಲಿನಲ್ಲಿ 66 ಪುಸ್ತಕ, ಕಥೋಲಿಕರದರಲ್ಲಿ 73. ಹುಟ್ಟು ಕಥೋಲಿಕರಿಗೆ ಇದೊಂದು ಅಂಕಿಯೂ ಅಲ್ಲ. ಸಂಡೇ ಸ್ಕೂಲಿನಲ್ಲಿ ವಚನ ಬಾಯಿಪಾಠ ಮಾಡಿ ಬಹುಮಾನ ಗೆದ್ದವರಿಗೋ, ಎಲ್ಲ ಓದಿ ಮುಗಿಯಿತು ಅಂದುಕೊಂಡಿದ್ದ ಹೊತ್ತಿನಲ್ಲಿ ಏಳು ಪುಸ್ತಕ ಹೊಸದಾಗಿ ಸಿಕ್ಕಿವೆ. ತೋಬಿತನ ಕಥೆಯಲ್ಲಿ ಪ್ರಯಾಣಿಕರ ಜೊತೆ ಒಂದು ನಾಯಿಯೂ ಹೋಗುತ್ತದೆ ಎಂಬುದನ್ನು ಇವರು ಧರ್ಮಕೇಂದ್ರದಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಕೇಳಿದವರು, “ಹೌದಾ? ನಮಗೆ ಗೊತ್ತೇ ಇರಲಿಲ್ಲ” ಅನ್ನುತ್ತಾರೆ. ನ್ಯೂಮನ್ 1845ರಲ್ಲಿ ಆಂಗ್ಲಿಕನ್ ಸಭೆ ಬಿಟ್ಟು ಬಂದದ್ದನ್ನು ಹೇಳಿದರೆ, “ಯಾವ ಪ್ಯಾರಿಷ್ ಫಾದರ್ರು?” ಎಂದು ಕೇಳುತ್ತಾರೆ. ಇನ್ನು ಪಾಪನಿವೇದನೆ. ದೇವರ ಹತ್ತಿರ ನೇರವಾಗಿ ಹೇಳಿಕೊಂಡರೆ ಸಾಕು ಎಂದು ಕಲಿತವರಿಗೆ, ಹೇಳಿದ್ದು ತಲುಪಿತೋ ಇಲ್ಲವೋ ಎಂಬ ಅನುಮಾನ ಹಾಸಿಗೆಯವರೆಗೂ ಬರುತ್ತಿತ್ತು. ಈಗ ಜಾಲರಿಯ ಆಚೆಯಿಂದ ಒಂದು ಮನುಷ್ಯನ ದನಿ, ಅದೂ ಅಚ್ಚ ಮೈಸೂರು ಕನ್ನಡದಲ್ಲಿ, ಕ್ಷಮೆಯಾಯಿತು ಎಂದು ಹೇಳಿ ಮೂರು ‘ನಮೋ ಮರಿಯಾ’ ಹೇಳಿಕೊಳ್ಳಲು ಕಳಿಸುತ್ತದೆ. ಮೂರೇ ಸಾಕೇ ಎಂದು ಇವರು ಬಾಗಿಲಲ್ಲಿ ನಿಂತು ಯೋಚಿಸುತ್ತಾರೆ. ಹುಟ್ಟು ಕಥೋಲಿಕರು ಅಷ್ಟರಲ್ಲಿ ಕ್ಯಾಂಟೀನು ತಲುಪಿರುತ್ತಾರೆ.

ಇದೆಲ್ಲ ಆಡಂಬರದ ಮರುಳು, ಗಾಜಿನ ಬಣ್ಣ, ಧೂಪದ ಹೊಗೆ ಎನ್ನುವವರಿದ್ದಾರೆ. ಹಾಗಿದ್ದರೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಸೇಂಟ್ ಫಿಲೋಮಿನಾದ 175 ಅಡಿ ಗೋಪುರಗಳನ್ನು ನೋಡಿಕೊಂಡೇ ಬಾಳುವ ಮೈಸೂರು ಇಷ್ಟು ಹೊತ್ತಿಗೆ ಇಡಿಯಾಗಿ ಕಥೋಲಿಕವಾಗಬೇಕಿತ್ತು. ಅದಿರಲಿ, ಫಿಲೋಮಿನಾಳ ಹಬ್ಬವನ್ನು ರೋಮ್ 1961ರಲ್ಲೇ ಪೂಜಾ ಪಂಚಾಂಗದಿಂದ ತೆಗೆಯಿತು. ಈ ಸಂಗತಿ ಧರ್ಮಕೇಂದ್ರದಲ್ಲಿ ಬಹಳ ಮಂದಿಗೆ ಗೊತ್ತಿಲ್ಲ, ಇವರಿಗೆ ಗೊತ್ತು. ಗೊತ್ತಿದ್ದೂ ಮೇಣದಬತ್ತಿ ಹಚ್ಚುತ್ತಾರೆ. ಮರುಳಾದವರು ಹೀಗೆ ಕಾಗದಪತ್ರ ತಿರುವಿಹಾಕಿ ಮೇಣದಬತ್ತಿ ಹಚ್ಚುವುದಿಲ್ಲ. ಜೂನ್ 13ಕ್ಕೆ ಡೋರನಹಳ್ಳಿಯ ಸಂತ ಅಂತೋನಿಯ ಹಬ್ಬಕ್ಕೆ ಹೋಗುವಾಗಲೂ ಅಷ್ಟೇ: ಸಂತರನ್ನು ಆರಾಧಿಸುವುದಲ್ಲ, ಪ್ರಾರ್ಥಿಸಿರೆಂದು ಬೇಡುವುದು ಎಂಬ ವ್ಯತ್ಯಾಸವನ್ನು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ವಿವರಿಸಿಯೇ ಇಳಿಯುತ್ತಾರೆ. ಆ ಪಕ್ಕದ ಸೀಟಿನವರು ಮಂಡ್ಯ ಕಡೆಯ ಒಕ್ಕಲಿಗರು, ಹರಕೆ ತೀರಿಸಲು ಹೊರಟವರು. ಅವರಿಗೆ ವ್ಯತ್ಯಾಸ ಬೇಕಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮನೆಯೊಳಗಿನದು. ಅಕ್ಷರ ಕೊಟ್ಟ ಹಾರ್ಡ್ವಿಕ್ ಶಾಲೆ, 1906ರಿಂದ ಊರಿನ ಬಸುರಿ ಬಾಣಂತಿಯರನ್ನು ನೋಡಿಕೊಂಡ ಮಿಷನ್ ಆಸ್ಪತ್ರೆ, ಎಲ್ಲ ವೆಸ್ಲಿಯನ್ನರು ಕಟ್ಟಿದ್ದು. ಅನ್ನ ಉಂಡ ಮನೆಗೆ ಬೆನ್ನು ತಿರುಗಿಸಿದೆಯಲ್ಲೋ ಎಂದು ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಾರೆ. ದೊಡ್ಡಮ್ಮನ ಮಾತನ್ನು ನಕ್ಕು ತಳ್ಳುವಂತಿಲ್ಲ. ಆದರೆ ಬೆನ್ನು ತಿರುಗಿಸುವುದಕ್ಕೆ ಕಥೋಲಿಕರೇ ಬಿಡುವುದಿಲ್ಲ. ದೊಡ್ಡ ವಿಧಿಯೊಂದನ್ನು ನಿರೀಕ್ಷಿಸಿ ಹೋದವರಿಗೆ ಫಾದರ್ ಕೇಳುವುದು ಸಿಎಸ್‌ಐ ಸಭಾಪಾಲಕರ ಸಹಿಯಿರುವ ದೀಕ್ಷಾಸ್ನಾನದ ಸರ್ಟಿಫಿಕೇಟು. ಆ ಸ್ನಾನ ಸಲ್ಲುತ್ತದೆ, ಎರಡನೆಯ ಸಲ ನೀರು ಹಾಕುವಂತಿಲ್ಲ. ವಿಶ್ವಾಸ ಪ್ರಕಟಣೆ, ದೃಢೀಕರಣ, ಪ್ರಸಾದ, ಮುಗಿಯಿತು. ದೊಡ್ಡ ಜಗಳವಾಗಿದ್ದ ಕೃಪೆ–ಕ್ರಿಯೆಗಳ ವಿಷಯದಲ್ಲೂ 1999ರಲ್ಲಿ ಲೂಥರನ್ನರು ರೋಮಿನೊಂದಿಗೆ ರಾಜಿ ಹೇಳಿಕೆಗೆ ಸಹಿ ಹಾಕಿದರು, 2006ರಲ್ಲಿ ಮೆಥೊಡಿಸ್ಟರೂ ಕೂಡಿಕೊಂಡರು. ಗೆದ್ದೆ ಎಂದು ಬೀಗಲು ಎದುರಾಳಿಯೇ ಇಲ್ಲವಾದ ಮೇಲೆ ಇವರ ಸಂತೋಷವನ್ನು ಗೆಲುವಿನ ಸಂತೋಷ ಎನ್ನಲಾಗದು. ಇನ್ನು ದಾರಿ ಹೊಸದೆಂದು ಹೆಮ್ಮೆಪಡುವಂತೆಯೂ ಇಲ್ಲ. ಸಿದ್ಧಾರ್ಥನಗರದಲ್ಲೇ ಇರುವ ಟೆರೇಷಿಯನ್ ಕಾಲೇಜನ್ನು ನಡೆಸುವ ಕಾರ್ಮೆಲೈಟ್ ಸಿಸ್ಟರುಗಳ ಸಂಸ್ಥಾಪಕಿ, 1858ರಲ್ಲಿ ಮದರಾಸಿನಲ್ಲಿ ಹುಟ್ಟಿದ ಗ್ರೇಸ್ ಡಿ’ಲಿಮಾ, ಆಂಗ್ಲಿಕನ್ ಆಗಿದ್ದು ಕಥೋಲಿಕರಾದವರೇ. 1887ರಲ್ಲಿ ಎರ್ನಾಕುಳಂನಲ್ಲಿ ಆಕೆ ಸಂಘ ಕಟ್ಟಿದರು. ನಮ್ಮವರು ಇನ್ನೂ ಅಡಿಟಿಪ್ಪಣಿ ಓದುತ್ತಿದ್ದಾರೆ.

ಬಿಟ್ಟುಬಂದ ಮನೆಯ ಆಸ್ತಿಯಲ್ಲಿ ಇವರು ಒಂದು ಕಾಸೂ ಬಿಟ್ಟಿಲ್ಲ. ಗಾನವೃಂದದವರು ಗೀತೆಯ ಎರಡು ಚರಣಕ್ಕೆ ನಿಲ್ಲಿಸಿದರೆ, ಮೂರನೆಯದನ್ನು ಪೂಜೆಯ ಮಧ್ಯೆ ಒಬ್ಬರೇ ಎತ್ತಿಕೊಂಡಿರುತ್ತಾರೆ. ಪ್ರಸಂಗ ಎಂಟು ನಿಮಿಷಕ್ಕೆ ಮುಗಿದರೆ ಇವರಿಗೊಬ್ಬರಿಗೇ ಬೇಸರ. ಭಾನುವಾರದ ಎರಡನೆಯ ವಾಚನ ಸಾಮಾನ್ಯವಾಗಿ ಪೌಲನ ಪತ್ರ, ಉಸಿರು ಕಟ್ಟಿಸುವಷ್ಟು ಉದ್ದದ ವಾಕ್ಯಗಳು. ಓದಬೇಕಾದವರು ಕೈಕೊಟ್ಟರೆ ಫಾದರ್ ಹುಡುಕುವುದು ಇವರನ್ನೇ. ಇವರೂ ಅಷ್ಟರಲ್ಲಿ ಕನ್ನಡಕ ಒರೆಸಿಕೊಂಡು ಮೊದಲ ಸಾಲಿನ ತುದಿಗೆ ಬಂದು ಕೂತಿರುತ್ತಾರೆ.