ಹಿಂಬರುವ ಪಾರ್ಸೆಲ್ಲುಗಳ ಮೀಮಾಂಸೆ

ಜೀವಾತ್ಮಕ್ಕೆ ಪುನರ್ಜನ್ಮ ಉಂಟೇ ಇಲ್ಲವೇ ಎಂಬ ವಾದ ಇನ್ನೂ ತೀರ್ಮಾನವಾಗಿಲ್ಲ. ಪಾರ್ಸೆಲ್ಲಿಗೆ ಉಂಟು ಎಂಬುದಂತೂ ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧ. ಹೋಗುವಾಗ ಇಲ್ಲದಿದ್ದ ಮುದ್ರೆಗಳನ್ನು ಹೊತ್ತು, ಮೂಲೆ ಜಜ್ಜಿಸಿಕೊಂಡು ಅದು ಕಳಿಸಿದವರ ಮನೆಗೇ ಮರಳುತ್ತದೆ. ಪೂರ್ವಾಚಾರ್ಯರು ಈ ವಿಷಯವನ್ನು ಮುಟ್ಟದಿರುವುದು ಕ್ಷಮ್ಯ. ಸ್ಪೀಡ್ ಪೋಸ್ಟ್ ಶುರುವಾದದ್ದೇ 1986ರಲ್ಲಿ.

ಈ ಶಾಸ್ತ್ರದ ಮೂಲಗ್ರಂಥ ಪೋಸ್ಟ್‌ಮ್ಯಾನ್ ಬರೆಯುವ ಷರಾ. ಬಾದರಾಯಣರ ಸೂತ್ರಗಳಷ್ಟೇ ಚಿಕ್ಕದು, ಓದಲು ಅದಕ್ಕಿಂತ ಕಷ್ಟ. ಅಭಾವ ನಾಲ್ಕು ಬಗೆಯೆಂದು ತಾರ್ಕಿಕರು ಹೇಳಿದ್ದಾರಷ್ಟೆ; ನಾಲ್ಕೂ ಒಂದೇ ಬೀಟಿನಲ್ಲಿ ಸಿಗುತ್ತವೆ. 'ಮನೆ ಖಾಲಿ ಮಾಡಿದ್ದಾರೆ' ಎಂಬುದು ಪ್ರಧ್ವಂಸಾಭಾವ: ಇದ್ದರು, ಈಗಿಲ್ಲ. 'ಇಂಥವರು ಯಾರೂ ಇಲ್ಲ' ಎಂಬುದು ಅತ್ಯಂತಾಭಾವ. ರಾಜಾಜಿನಗರದ ಒಂದೇ ಕ್ರಾಸಿನಲ್ಲಿ ಮೂವರು ಮಂಜುನಾಥರಿದ್ದು, ಈ ಮಂಜುನಾಥ ಆ ಮಂಜುನಾಥನಲ್ಲವೆಂದು ಗೊತ್ತಾದಾಗ ಅನ್ಯೋನ್ಯಾಭಾವ. ಧಾರವಾಡದ ಅಮ್ಮ ಕಳಿಸಿದ ಚಟ್ನಿಪುಡಿ ಬಂದಾಗ ಮಗ ಇನ್ನೂ ಹೊಸ ಪೀಜಿಗೆ ಸೇರಿಯೇ ಇರದಿದ್ದರೆ ಪ್ರಾಗಭಾವ. (ಅಪರೂಪಕ್ಕೆ ಮಗನದು ಪ್ರಾಗಭಾವವಾಗಿ, ಚಟ್ನಿಪುಡಿಯದು ಪೀಜಿ ಓನರ್ ಮನೆಯಲ್ಲಿ ಪ್ರಧ್ವಂಸಾಭಾವವಾಗುವುದೂ ಉಂಟು.)

'ಬಾಗಿಲಿಗೆ ಬೀಗ' ಎಂಬುದು ಐದನೆಯದೇ ಎಂಬ ಜಿಜ್ಞಾಸೆಯಿದೆ. ಆ ಬೀಗವನ್ನು ಕಂಡವರು ಷರಾ ಬರೆದವರೊಬ್ಬರೇ. ಇಡೀ ದಿನ ಜಗುಲಿಯಲ್ಲೇ ಕೂತಿದ್ದ ಅಜ್ಜಿಗೂ ಕಂಡಿರುವುದಿಲ್ಲ. ಆದ್ದರಿಂದ ಇಲ್ಲಿ ಪ್ರತ್ಯಕ್ಷ ನಡೆಯದು, ಆಪ್ತವಾಕ್ಯವೇ ಗತಿ.

'ತೆಗೆದುಕೊಳ್ಳಲು ನಿರಾಕರಿಸಿದರು' ಎಂಬ ಷರಾದ ಮಹಿಮೆಯೇ ಬೇರೆ. ಚೆಕ್ ಬೌನ್ಸ್ ಮಾಡಿದವನು ವಕೀಲರ ನೋಟಿಸನ್ನು ಕೈಯಿಂದ ಮುಟ್ಟದೆ ವಾಪಸು ಕಳಿಸಿದನೆನ್ನಿ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದು ಮುಟ್ಟಿತೆಂದೇ ಭಾವಿಸಬೇಕು, ಇಲ್ಲವೆನ್ನುವವನು ಅದನ್ನು ಸಾಬೀತು ಮಾಡಬೇಕು ಎನ್ನುತ್ತದೆ 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಂ. ಮನೆಗೆ ಬೀಗವೆಂದು ಹಿಂದಿರುಗಿದ ನೋಟಿಸಿಗೂ ಇದೇ ಗತಿಯೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು. ಲಕೋಟೆ ಕಳಿಸಿದವನ ಕೈಯಲ್ಲಿದೆ, ತಲುಪಿದ್ದು ಮಾತ್ರ ಇವನಿಗೆ! ಇದನ್ನು ಬಿಡಿಸಿ ಹೇಳಲು ಅದ್ವೈತಿಗಳೂ ತಿಣುಕಬೇಕು.

ಕಳಿಸಿದವರ ವಿಳಾಸವೂ ಇಲ್ಲದ ಪಾರ್ಸೆಲ್ ತ್ರಿಶಂಕು. ಅದರ ಸ್ವರ್ಗಕ್ಕೆ ರಿಟರ್ನ್ಡ್ ಲೆಟರ್ ಆಫೀಸ್ ಎಂದು ಹೆಸರು. ಹಿಂದೆ ಡೆಡ್ ಲೆಟರ್ ಆಫೀಸ್ ಎನ್ನುತ್ತಿದ್ದರು. ಗುಟ್ಟು ಕಾಯಬೇಕಾದ ಅಧಿಕಾರಿ ಅಲ್ಲಿ ಅದನ್ನು ಬಿಚ್ಚಿ ವಿಳಾಸ ಹುಡುಕುತ್ತಾರೆ. ಸಿಗದಿದ್ದರೆ ಏನು ಮಾಡಬೇಕೆಂದು 1898ರ ಅಂಚೆ ಕಾಯ್ದೆ ಹೇಳಿತ್ತು: ಕಾಗದವಾದರೆ ನಾಶ, ಕೆಡದ, ಮಾರಬಹುದಾದ ಸಾಮಾನಾದರೆ ಒಂದು ವರ್ಷ ಇಟ್ಟು, ಹಕ್ಕುದಾರರು ಬಾರದಿದ್ದರೆ ಮಾರಿ ದುಡ್ಡು ಇಲಾಖೆಗೆ. ಪ್ರೇಮಪತ್ರಕ್ಕೆ ಕೂಡಲೇ ಮುಕ್ತಿ, ಕುಕ್ಕರಿಗೆ ವರ್ಷಾಂತಿಕದ ನಂತರ. ಆ ಕಾಯ್ದೆಗೇ 2024ರ ಜೂನ್‌ನಲ್ಲಿ ಮುಕ್ತಿಯಾಗಿ ಹೊಸದು ಬಂದಿದೆ. ಭಾಷ್ಯಕಾರರು ಕೆಲಸ ಶುರುಮಾಡಬಹುದು.

ಈ ಪ್ರಬಂಧವನ್ನು ಖಂಡಿಸಿ ಬರೆಯುವ ವಿದ್ವಾಂಸರಲ್ಲಿ ಒಂದೇ ವಿನಂತಿ: ಲಕೋಟೆಯ ಮೇಲೆ ತಮ್ಮ ವಿಳಾಸವನ್ನೂ ಪಿನ್‌ಕೋಡ್ ಸಮೇತ ಬರೆಯಿರಿ. 'ಮಾರಮ್ಮನ ಗುಡಿ ಹಿಂದೆ' ಎಂದಷ್ಟೇ ಬರೆದರೆ ಸಾಲದು.